ಬೀಡು ಕಬ್ಬಿಣದಲ್ಲಿ ಇಂಗಾಲದ ಪಾಠ

ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾಂವ, ಕಾಗಲ್ ಕಡೆಯ ಫೌಂಡ್ರಿಗಳಲ್ಲಿ ಅಚ್ಚಿಗೆ ಬೀಡು ಹುಯ್ಯುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡುವುದುಂಟು. ಭಟ್ಟಿಯಿಂದ ಸೌಟಿನಷ್ಟು ಕರಗಿದ ಕಬ್ಬಿಣ ತೆಗೆದು ಬೆಣೆಯ ಆಕಾರದ ಅಚ್ಚಿಗೆ ಹುಯ್ಯುತ್ತಾರೆ. ಅದು ಗಟ್ಟಿಯಾದ ಮೇಲೆ ನೀರಲ್ಲಿ ಅದ್ದಿ, ಸುತ್ತಿಗೆಯಿಂದ ಒಡೆದು, ಮುರಿದ ಮುಖವನ್ನು ಬೆಳಕಿಗೆ ಹಿಡಿಯುತ್ತಾರೆ. ಬೆಣೆಯ ಚೂಪು ತುದಿ ಬೆಳ್ಳಗೆ ಮಿಂಚುತ್ತದೆ. ದಪ್ಪ ಭಾಗ ಬೂದು ಬಣ್ಣದ್ದಾಗಿ, ಮಂಕಾಗಿರುತ್ತದೆ. ಬಿಳಿ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಿದರೆ ಆ ಭಟ್ಟಿಯ ಬೀಡು ಎಂಥದೆಂದು ಅನುಭವಿ ಮೇಸ್ತ್ರಿಗೆ ತಿಳಿದುಹೋಗುತ್ತದೆ. ಫೌಂಡ್ರಿಯವರ ಮಾತಿನಲ್ಲಿ ಇದು ‘ಚಿಲ್’ ನೋಡುವುದು.

ಭಟ್ಟಿ ಒಂದೇ, ಲೋಹ ಒಂದೇ, ಅದರಲ್ಲಿರುವ ಇಂಗಾಲದ ಪ್ರಮಾಣವೂ ಒಂದೇ. ಆದರೂ ಅಂಗೈ ಅಗಲದ ತುಂಡಿನಲ್ಲಿ ಎರಡು ಬಣ್ಣ, ಎರಡು ಗುಣ. ತುದಿ ತೆಳ್ಳಗಿರುವುದರಿಂದ ಬೇಗ ತಣಿಯುತ್ತದೆ. ಅಲ್ಲಿ ಇಂಗಾಲಕ್ಕೆ ಬೇರೆಯಾಗಲು ಪುರಸೊತ್ತು ಸಿಗದೆ ಕಬ್ಬಿಣದ ಜೊತೆಗೇ ಕೂಡಿಕೊಂಡು ಸಿಮೆಂಟೈಟ್ ಎಂಬ ಸಂಯುಕ್ತವಾಗುತ್ತದೆ. ಅದು ಬಲು ಗಟ್ಟಿ, ಅಷ್ಟೇ ಪೆಡಸು. ಡ್ರಿಲ್ ಹಾಕಿದರೆ ಡ್ರಿಲ್ಲೇ ಸವೆಯುತ್ತದೆ. ದಪ್ಪ ಭಾಗ ನಿಧಾನವಾಗಿ ತಣಿಯುವುದರಿಂದ ಅಲ್ಲಿ ಇಂಗಾಲ ಕಬ್ಬಿಣವನ್ನು ಬಿಟ್ಟು ಗ್ರಾಫೈಟ್ ಚಕ್ಕೆಗಳಾಗಿ ಹೊರಬೀಳುತ್ತದೆ. ಈ ಬೂದು ಬೀಡನ್ನು ಲೇಥ್ ಮೇಲೆ ಸಲೀಸಾಗಿ ಕಡೆಯಬಹುದು. ಕಡೆದವರ ಬೆರಳಿಗೆ ಪೆನ್ಸಿಲ್ ಪುಡಿಯಂಥ ಕರಿ ಅಂಟುತ್ತದೆ. ಆ ಕರಿಯಲ್ಲಿ ಇರುವುದು ಪೆನ್ಸಿಲ್ಲಿನಲ್ಲಿರುವ ಗ್ರಾಫೈಟೇ.

ಗಡಹಿಂಗ್ಲಜ ತಾಲ್ಲೂಕಿನ ನೂಲದಂಥ ಗಡಿಯ ಊರುಗಳಿಂದ, ಇತ್ತ ಸಂಕೇಶ್ವರ, ನಿಪ್ಪಾಣಿ ಕಡೆಯಿಂದ ಕೊಲ್ಹಾಪುರದ ಎಮ್‌ಐಡಿಸಿ ಕೈಗಾರಿಕಾ ವಸಾಹತುಗಳಿಗೆ ದುಡಿಯಲು ಹೋಗುವವರಿದ್ದಾರೆ. ಅವರ ಮಕ್ಕಳು ಶಾಲೆಯಲ್ಲಿ ಇಂಗಾಲದ ಪಾಠ ಓದುತ್ತಾರೆ. ಮಹಾರಾಷ್ಟ್ರದ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇಂಗಾಲಕ್ಕೇ ಒಂದು ಪಾಠ ಮೀಸಲಿದೆ. ಕರ್ನಾಟಕದ ಮಕ್ಕಳು ಅದನ್ನು ಹತ್ತನೆಯ ತರಗತಿಯಲ್ಲಿ ಓದುತ್ತಾರೆ. ವಜ್ರ, ಗ್ರಾಫೈಟ್, ಫುಲ್ಲರೀನ್ ಎಂದು ಮೂರು ಚಿತ್ರ ಬರೆದು, ರಚನೆ, ಗುಣ, ಉಪಯೋಗ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸುತ್ತಾರೆ. ತಂದೆ ದುಡಿಯುವ ಕಡೆ ದಿನವೂ ನಡೆಯುವುದು ಇದೇ ಪಾಠ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಈ ಅಂಕಣ ಅದನ್ನು ಹೇಳುವುದಕ್ಕಾಗಿ.

ಮೊದಲು ಪರಮಾಣುವಿನ ಮಾತು. ಇಂಗಾಲದ ಪರಮಾಣು ಸಂಖ್ಯೆ 6. ಹೊರ ಕವಚದಲ್ಲಿ ನಾಲ್ಕು ಎಲೆಕ್ಟ್ರಾನುಗಳು. ಹಾಗಾಗಿ ಅದು ಅಕ್ಕಪಕ್ಕದ ಪರಮಾಣುಗಳ ಜೊತೆ ನಾಲ್ಕು ಬಂಧ ಕಟ್ಟಿಕೊಳ್ಳಬಲ್ಲದು, ಮತ್ತೊಂದು ಇಂಗಾಲದ ಜೊತೆಗೂ ಅಷ್ಟೇ ಬಿಗಿಯಾಗಿ ಕಟ್ಟಿಕೊಳ್ಳಬಲ್ಲದು. ಈ ಬಂಧಗಳು ಯಾವ ದಿಕ್ಕಿಗೆ ಚಾಚಿವೆ ಎಂಬುದರ ಮೇಲೆ ವಸ್ತುವಿನ ಗುಣ ನಿಂತಿದೆ. ಒಂದೇ ಮೂಲವಸ್ತು ಹೀಗೆ ಬೇರೆ ಬೇರೆ ರಚನೆಯಲ್ಲಿ ಸಿಗುವುದನ್ನು ಬಹುರೂಪತೆ ಎನ್ನುತ್ತಾರೆ.

ವಜ್ರದಲ್ಲಿ ಪ್ರತಿ ಪರಮಾಣುವೂ ನಾಲ್ಕು ದಿಕ್ಕಿಗೆ ನಾಲ್ಕು ನೆರೆಯವನ್ನು ಹಿಡಿದಿರುತ್ತದೆ. ಎರಡು ಪರಮಾಣುಗಳ ನಡುವಿನ ದೂರ 0.154 ನ್ಯಾನೋಮೀಟರ್. ಮೇಲೆ, ಕೆಳಗೆ, ಪಕ್ಕಕ್ಕೆ ಎಲ್ಲೆಡೆ ಇದೇ ಕಟ್ಟು ಮುಂದುವರಿಯುವುದರಿಂದ ಜಾರುವ ಪದರವಾಗಲಿ ಸಡಿಲ ಜಾಗವಾಗಲಿ ಇರುವುದಿಲ್ಲ. ಅದಕ್ಕೇ ಮೋಸ್ ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10, ಅಂದರೆ ಕೊನೆಯ ಮೆಟ್ಟಿಲು. ನಾಲ್ಕೂ ಎಲೆಕ್ಟ್ರಾನುಗಳು ಬಂಧದಲ್ಲಿ ಸಿಕ್ಕಿಬಿದ್ದಿರುವುದರಿಂದ ವಿದ್ಯುತ್ ಹರಿಯುವುದಿಲ್ಲ. ಆದರೆ ಕಟ್ಟು ಬಿಗಿಯಾಗಿರುವುದರಿಂದ ಶಾಖದ ಕಂಪನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಲು ಬೇಗ ದಾಟುತ್ತದೆ. ಶಾಖ ಸಾಗಿಸುವುದರಲ್ಲಿ ವಜ್ರ ತಾಮ್ರಕ್ಕಿಂತ ಸುಮಾರು ಐದು ಪಟ್ಟು ಮುಂದು.

ಗ್ರಾಫೈಟಿನಲ್ಲಿ ಪ್ರತಿ ಪರಮಾಣು ಹಿಡಿಯುವುದು ಮೂರೇ ನೆರೆಯವನ್ನು, ಅದೂ ಒಂದೇ ಸಮತಲದಲ್ಲಿ. ಷಟ್ಕೋನಗಳು ಒಂದಕ್ಕೊಂದು ಕೂಡಿ ಹಾಳೆಯಾಗುತ್ತವೆ. ಹಾಳೆಯೊಳಗಿನ ಬಂಧದ ಉದ್ದ 0.142 ನ್ಯಾನೋಮೀಟರ್, ವಜ್ರದ ಬಂಧಕ್ಕಿಂತಲೂ ಗಿಡ್ಡ, ಬಿಗಿ. ಆದರೆ ಹಾಳೆಯಿಂದ ಹಾಳೆಗೆ ದೂರ 0.335 ನ್ಯಾನೋಮೀಟರ್. ಅವುಗಳ ನಡುವಿನ ಸೆಳೆತ ತೀರಾ ದುರ್ಬಲ. ಇಚಲಕರಂಜಿಯ ಮಗ್ಗದಿಂದ ಇಳಿದ ಬಟ್ಟೆಯನ್ನು ಮಡಿಕೆ ಹಾಕಿ ಒಟ್ಟಿದ ಹಾಗೆ: ಬಟ್ಟೆಯನ್ನು ಹರಿಯುವುದು ಕಷ್ಟ, ಒಂದರ ಮೇಲಿಂದ ಒಂದನ್ನು ಜಾರಿಸುವುದು ಸುಲಭ. ಪೆನ್ಸಿಲ್ ಗೀರು ಎಳೆದಾಗ ಕಾಗದದ ಮೇಲೆ ಉಳಿಯುವುದು ಹೀಗೆ ಜಾರಿದ ಪದರಗಳು. ಮೂರು ಬಂಧಕ್ಕೆ ಮೂರು ಎಲೆಕ್ಟ್ರಾನ್ ಸಂದ ಮೇಲೆ ಉಳಿದ ನಾಲ್ಕನೆಯದು ಹಾಳೆಯ ಉದ್ದಕ್ಕೂ ಓಡಾಡಿಕೊಂಡಿರುತ್ತದೆ. ಗ್ರಾಫೈಟಿನಲ್ಲಿ ವಿದ್ಯುತ್ ಹರಿಯುವುದು ಅದರಿಂದಲೇ. ಮನೆಯ ಮಿಕ್ಸರ್ ನಿಂತುಹೋದಾಗ ರಿಪೇರಿಯವರು ‘ಕಾರ್ಬನ್ ಹೋಗಿದೆ’ ಎಂದು ಬದಲಿಸುವ ಪುಟ್ಟ ಕರಿ ತುಂಡು, ಹಳೆಯ ಟಾರ್ಚ್ ಸೆಲ್ಲಿನ ನಡುವಿನ ಕಪ್ಪು ಕಡ್ಡಿ, ಇವೆರಡೂ ಇದೇ ಗುಣದಿಂದ ಕೆಲಸ ಮಾಡುತ್ತವೆ.

ವಜ್ರವೂ ಇದ್ದಿಲೂ ಒಂದೇ ಎಂದರೆ ಒಂದು ಕಾಲಕ್ಕೆ ಯಾರೂ ನಂಬುತ್ತಿರಲಿಲ್ಲ. 1772ರಲ್ಲಿ ಫ್ರಾನ್ಸಿನ ಲವಾಸಿಯೆ ದೊಡ್ಡ ಮಸೂರದಿಂದ ಬಿಸಿಲನ್ನು ವಜ್ರದ ಮೇಲೆ ಕೂಡಿಸಿ ಸುಟ್ಟು ನೋಡಿದ. ವಜ್ರ ಉರಿದು ಇಂಗಾಲದ ಡೈಆಕ್ಸೈಡ್ ಆಯಿತು. 1797ರಲ್ಲಿ ಇಂಗ್ಲೆಂಡಿನ ಸ್ಮಿತ್‌ಸನ್ ಟೆನ್ನಂಟ್ ತೂಕ ಮಾಡಿ ಲೆಕ್ಕ ಮುಗಿಸಿದ. ಸಮ ತೂಕದ ವಜ್ರವನ್ನೂ ಇದ್ದಿಲನ್ನೂ ಸುಟ್ಟರೆ ಹೊರಡುವ ಅನಿಲವೂ ಸಮ ಎಂದು ತೋರಿಸಿದ.

ಯುರೋಪಿಗೆ ವಜ್ರವೆಂದರೆ ಬಹುಕಾಲ ಭಾರತದ ವಜ್ರವೇ ಆಗಿತ್ತು. ನಮ್ಮ ಈ ಭಾಗದ ನದಿಗಳನ್ನೇ ಹಿಡಿದು ಹೋದರೆ ಆ ನೆಲ ಸಿಗುತ್ತದೆ. ಕೊಲ್ಹಾಪುರದ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಗಡಹಿಂಗ್ಲಜದ ಹಿರಣ್ಯಕೇಶಿ ಸಂಕೇಶ್ವರವನ್ನು ದಾಟಿ ಘಟಪ್ರಭೆಯನ್ನು ಸೇರಿ ಕೊನೆಗೆ ಕೃಷ್ಣೆಗೇ ಬರುತ್ತದೆ. ಅದೇ ಕೃಷ್ಣೆ ಆಂಧ್ರದಲ್ಲಿ ಹರಿಯುವ ದಡದಲ್ಲಿ ಕೊಲ್ಲೂರು ಗಣಿ ಇತ್ತು. ಕೊಹಿನೂರ್ ಸಿಕ್ಕಿದ್ದು ಅಲ್ಲಿಯೇ ಎಂಬ ಪ್ರತೀತಿ ಇದೆ. ಕೊಲ್ಹಾಪುರದ ನೆಲ ಮಾತ್ರ ಬಸಾಲ್ಟ್ ಬಂಡೆಯದು. ಇಲ್ಲಿ ವಜ್ರವೂ ಇಲ್ಲ, ಕಲ್ಲಿದ್ದಲೂ ಇಲ್ಲ. ಕೋಕ್ ಬರುವುದು ಹೊರಗಿನಿಂದ, ಗ್ರಾಫೈಟ್ ಬರುವುದೂ ಹೊರಗಿನಿಂದ. ಇಲ್ಲಿಯದು ಕೈಚಳಕ ಮಾತ್ರ.

ಆ ಕೈಚಳಕ ಏನೆಂದು ತಿಳಿಯಬೇಕಾದರೆ ಬೀಡಿನ ಒಳಗೆ ಇಣುಕಬೇಕು. ಬೂದು ಬೀಡಿನಲ್ಲಿ ಇಂಗಾಲ ತೂಕದ ಲೆಕ್ಕದಲ್ಲಿ ನೂರಕ್ಕೆ ಮೂರರಿಂದ ಮೂರೂವರೆ ಪಾಲು. ಗ್ರಾಫೈಟ್ ಕಬ್ಬಿಣಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಹಗುರ. ಹಾಗಾಗಿ ಗಾತ್ರದ ಲೆಕ್ಕದಲ್ಲಿ ಅದು ಸುಮಾರು ಹತ್ತರಲ್ಲಿ ಒಂದು ಪಾಲು ಜಾಗ ಹಿಡಿಯುತ್ತದೆ. ಉಜ್ಜಿ ನಯ ಮಾಡಿದ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೆಳ್ಳಗಿನ ಲೋಹದ ನಡುವೆ ಬಾಗಿದ ಕಪ್ಪು ಗೆರೆಗಳು ಕಾಣುತ್ತವೆ. ಇವೇ ಗ್ರಾಫೈಟ್ ಚಕ್ಕೆಗಳು. ಅವುಗಳಿಂದ ಲಾಭವಿದೆ. ಯಂತ್ರದ ನಡುಕವನ್ನು ನುಂಗುತ್ತವೆ, ಆದ್ದರಿಂದ ಲೇಥ್‌ನ ಬೆಡ್ಡು ಬೂದು ಬೀಡಿನದು. ಉಜ್ಜಾಟದಲ್ಲಿ ತಾವೇ ಜಾರುಪದಾರ್ಥವಾಗುತ್ತವೆ, ಶಾಖ ಬೇಗ ಸಾಗಿಸುತ್ತವೆ, ಆದ್ದರಿಂದ ಎಂಜಿನ್ನಿನ ಸಿಲಿಂಡರ್, ಬ್ರೇಕ್ ಡ್ರಮ್ ಅದರದೇ. ಲೋಹ ಗಟ್ಟಿಯಾಗುವಾಗ ಕುಗ್ಗುತ್ತದೆ, ಗ್ರಾಫೈಟ್ ಹೊರಬೀಳುವಾಗ ಹಿಗ್ಗುತ್ತದೆ. ಒಂದು ಇನ್ನೊಂದನ್ನು ಸರಿದೂಗಿಸುವುದರಿಂದ ಅಚ್ಚು ಚೆನ್ನಾಗಿ ತುಂಬುತ್ತದೆ.

ನಷ್ಟವೂ ಆ ಚಕ್ಕೆಗಳಿಂದಲೇ. ಪ್ರತಿ ಚಕ್ಕೆಯ ಚೂಪು ಅಂಚು ಲೋಹದೊಳಗೆ ಆಗಲೇ ಬಿದ್ದಿರುವ ಬಿರುಕಿಗೆ ಸಮ. ಎಳೆದರೆ, ಬಡಿದರೆ ಬಿರುಕು ಅಲ್ಲಿಂದ ಓಡುತ್ತದೆ. ‘ಎಫ್‌ಜಿ 200’ ಎಂದು ಡ್ರಾಯಿಂಗ್ ಮೇಲೆ ಬರೆದ ಬೂದು ಬೀಡು ಚದರ ಮಿಲಿಮೀಟರಿಗೆ 200 ನ್ಯೂಟನ್ ಎಳೆತ ತಾಳುತ್ತದೆ, ಆದರೆ ಮುರಿಯುವ ಮುಂಚೆ ನೂರಕ್ಕೆ ಒಂದು ಪಾಲಿನಷ್ಟೂ ಹಿಗ್ಗುವುದಿಲ್ಲ. ಹಳೆಯ ಬೀಡಿನ ಪೈಪು ಸದ್ದಿಲ್ಲದೆ ಬಿರಿಯುವುದು ಇದರಿಂದ.

1943ರಲ್ಲಿ ಅಮೆರಿಕದ ಕೀತ್ ಮಿಲ್ಲಿಸ್ ಎಂಬ ಲೋಹತಜ್ಞ ಕರಗಿದ ಬೀಡಿಗೆ ಒಂದಿಷ್ಟು ಮೆಗ್ನೀಸಿಯಂ ಸೇರಿಸಿ ನೋಡಿದ. ಗ್ರಾಫೈಟ್ ಚಕ್ಕೆಯಾಗದೆ ಗುಂಡಗೆ ಕಾಳುಕಾಳಾಗಿ ಕೂತಿತ್ತು. ಇಂಗ್ಲೆಂಡಿನಲ್ಲಿ ಹೆಂಟನ್ ಮೊರೋ ಸೀರಿಯಂ ಸೇರಿಸಿ ಇದೇ ಫಲ ಪಡೆದಿದ್ದ. 1948ರಲ್ಲಿ ಎರಡೂ ಸುದ್ದಿ ಲೋಕಕ್ಕೆ ತಿಳಿದವು. ಗುಂಡಾದ ಗ್ರಾಫೈಟಿಗೆ ಚೂಪು ಅಂಚಿಲ್ಲ, ಬಿರುಕಿಗೆ ದಾರಿ ಸಿಗುವುದಿಲ್ಲ. ಇಂಗಾಲ ಅಷ್ಟೇ ಇದೆ, ಅದೂ ಗ್ರಾಫೈಟೇ. ಹರಡಿಕೊಂಡ ಆಕಾರ ಮಾತ್ರ ಬದಲು. ಇದಕ್ಕೆ ಎಸ್‌ಜಿ, ಅಂದರೆ ಗುಂಡು ಗ್ರಾಫೈಟಿನ ಬೀಡು ಎಂದು ಹೆಸರು. ‘ಎಸ್‌ಜಿ 500/7’ ಎಂಬ ದರ್ಜೆಯ ಬೀಡು ಚದರ ಮಿಲಿಮೀಟರಿಗೆ 500 ನ್ಯೂಟನ್ ಎಳೆತ ತಾಳುತ್ತದೆ, ಮುರಿಯುವ ಮುಂಚೆ ನೂರಕ್ಕೆ ಏಳು ಪಾಲು ಹಿಗ್ಗುತ್ತದೆ. ಕುಡಿಯುವ ನೀರಿನ ಯೋಜನೆಗೆ ಊರೂರಲ್ಲಿ ಹೂಳುತ್ತಿರುವ ‘ಡಿಐ ಪೈಪ್’ ಈ ಬೀಡಿನದೇ.

ಕೊಲ್ಹಾಪುರದ ಫೌಂಡ್ರಿಗಳಲ್ಲಿ ಎಸ್‌ಜಿ ತಯಾರಾಗುವ ಗಳಿಗೆಯನ್ನು ಹತ್ತಿರದಿಂದ ನೋಡಿದವರು ಮರೆಯುವುದಿಲ್ಲ. ಮೆಗ್ನೀಸಿಯಂ ಕುದಿಯುವುದು 1,090 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ. ಬೀಡಿನ ಶಾಖ 1,450 ಡಿಗ್ರಿಗೂ ಮೇಲೆ. ನೇರವಾಗಿ ಹಾಕಿದರೆ ಸಿಡಿದುಹೋಗುತ್ತದೆ. ಅದಕ್ಕೆ ಮೆಗ್ನೀಸಿಯಂ ಬೆರೆತ ಫೆರೋಸಿಲಿಕಾನ್ ತುಂಡುಗಳನ್ನು ಲ್ಯಾಡಲ್‌ನ ತಳದ ಗುಣಿಯಲ್ಲಿಟ್ಟು, ಮೇಲೆ ಉಕ್ಕಿನ ಚೂರು ಮುಚ್ಚಿ, ಆಮೇಲೆ ಲೋಹ ಸುರಿಯುತ್ತಾರೆ. ಕೆಲವು ಕ್ಷಣ ಏನೂ ಆಗುವುದಿಲ್ಲ. ಮುಚ್ಚಿಗೆ ಕರಗಿದ್ದೇ ತಡ, ಬರಿಗಣ್ಣಿಂದ ನೋಡಲಾಗದ ಬಿಳಿ ಬೆಳಕು ಎದ್ದು, ಲೋಹ ಕೊತಕೊತ ಕುದಿದು, ಮೆಗ್ನೀಸಿಯಂ ಆಕ್ಸೈಡಿನ ಬಿಳಿ ಹೊಗೆ ಮಾಡಿನವರೆಗೂ ಏರುತ್ತದೆ. ಸದ್ದು ಇಳಿದ ಮೇಲೆ ಗಡಿಯಾರದ ಜೊತೆ ಓಟ. ಹತ್ತು ಹದಿನೈದು ನಿಮಿಷದೊಳಗೆ ಅಚ್ಚಿಗೆ ಹುಯ್ಯದಿದ್ದರೆ ಮೆಗ್ನೀಸಿಯಂ ಆವಿಯಾಗಿ, ಸುಟ್ಟು ಕಡಿಮೆಯಾಗುತ್ತದೆ, ಗ್ರಾಫೈಟ್ ಮತ್ತೆ ಚಕ್ಕೆಯಾಗುವ ದಾರಿ ಹಿಡಿಯುತ್ತದೆ. ಕೊನೆಗೆ ಲೋಹದಲ್ಲಿ ಉಳಿಯಬೇಕಾದ ಮೆಗ್ನೀಸಿಯಂ ನೂರಕ್ಕೆ 0.03ರಿಂದ 0.05 ಪಾಲು ಮಾತ್ರ. ಅಷ್ಟರಿಂದ ಇಂಗಾಲದ ಆಕಾರ ಬದಲಾಗುತ್ತದೆ. ಪೆಡಸಾಗಿದ್ದ ಬೀಡು ಟ್ರ್ಯಾಕ್ಟರಿನ ಭಾರ ಹೊರುವ ಭಾಗಗಳಿಗೆ, ಕ್ರ್ಯಾಂಕ್ ಶಾಫ್ಟಿಗೆ ಯೋಗ್ಯವಾಗುತ್ತದೆ.

ಒಂದೇ ಫೌಂಡ್ರಿಯ ಅಂಗಳದಲ್ಲಿ ಇಂಗಾಲದ ಇನ್ನೂ ಎಷ್ಟೋ ರೂಪಗಳಿವೆ. ಕ್ಯುಪೋಲಾ ಭಟ್ಟಿಯಲ್ಲಿ ಉರಿಯುವುದು ಕೋಕ್. ಗಾಳಿಯಿಲ್ಲದೆ ಕಲ್ಲಿದ್ದಲನ್ನು ಕಾಯಿಸಿ, ಡಾಂಬರು ಅನಿಲಗಳನ್ನು ಹೊರಹಾಕಿದ ಮೇಲೆ ಉಳಿಯುವ ತೂತು ತೂತಾದ ಗಟ್ಟಿ ಇಂಗಾಲ ಇದು. ಇಂಡಕ್ಷನ್ ಭಟ್ಟಿಯಲ್ಲಿ ಉಕ್ಕಿನ ಗುಜರಿಯನ್ನು ಕರಗಿಸಿದಾಗ ಇಂಗಾಲ ಕಡಿಮೆ ಬೀಳುತ್ತದೆ. ಅದನ್ನು ತುಂಬಲು ಗ್ರಾಫೈಟ್ ಕಾಳು ಹಾಕುತ್ತಾರೆ. ಅಚ್ಚಿನ ಮರಳಿಗೆ ಕಲ್ಲಿದ್ದಲ ಪುಡಿ ಬೆರೆಸುತ್ತಾರೆ. ಬಿಸಿ ಲೋಹ ತಾಗಿದಾಗ ಅದರ ಆವಿ ಒಡೆದು ಮರಳಿನ ಮೇಲೆ ಮಿಂಚುವ ಇಂಗಾಲದ ತೆಳು ಪೊರೆ ಕೂರುತ್ತದೆ, ಕಾಸ್ಟಿಂಗ್ ನಯವಾಗಿ ಬಿಟ್ಟುಕೊಳ್ಳುತ್ತದೆ. ಇತ್ತ ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿಯಂಥ ಊರಲ್ಲಿ 962 ಡಿಗ್ರಿಗೆ ಕರಗುವ ಬೆಳ್ಳಿಗೆ ಗ್ರಾಫೈಟಿನ ಮೂಸೆ ಒದಗಿಬರುತ್ತದೆ. ಸಾವಿರ ಡಿಗ್ರಿಯ ಶಾಖಕ್ಕೆ ಗ್ರಾಫೈಟ್ ಅಳುಕುವುದಿಲ್ಲ, ಕರಗಿದ ಬೆಳ್ಳಿ ಅದಕ್ಕೆ ಅಂಟುವುದೂ ಇಲ್ಲ.

ವಜ್ರಕ್ಕೂ ಕಬ್ಬಿಣಕ್ಕೂ ಇರುವ ಸಂಬಂಧವಂತೂ ಬಲು ಕುತೂಹಲದ್ದು. ಗ್ರಾನೈಟ್ ಕೊಯ್ಯುವ ಡೈಮಂಡ್ ಬ್ಲೇಡು ಎಲ್ಲರಿಗೂ ಗೊತ್ತು. ಆದರೆ ಕಬ್ಬಿಣವನ್ನು ವೇಗವಾಗಿ ಕಡೆಯಲು ವಜ್ರದ ಟೂಲ್ ಹಾಕುವುದಿಲ್ಲ. ಬಿಸಿಯೇರಿದ ಕಬ್ಬಿಣಕ್ಕೆ ಇಂಗಾಲವನ್ನು ಕರಗಿಸಿಕೊಳ್ಳುವ ಚಟ. ಲೋಕದಲ್ಲೇ ಗಟ್ಟಿಯಾದ ವಸ್ತುವನ್ನು ಅದು ಅಂಚಿನಿಂದ ತಿಂದುಹಾಕುತ್ತದೆ. ಇದೇ ಗುಣವನ್ನು ಹಿಂದುಮುಂದಾಗಿಸಿ ವಜ್ರವನ್ನು ತಯಾರಿಸಲೂ ಮನುಷ್ಯ ಕಲಿತ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಕೃತಕ ವಜ್ರ ಹುಟ್ಟಿತು. ಈ ಬಗೆಯ ತಯಾರಿಕೆಯಲ್ಲಿ ಸುಮಾರು ಐವತ್ತು ಸಾವಿರ ವಾತಾವರಣಗಳ ಒತ್ತಡದಲ್ಲಿ, ಕರಗಿದ ಕಬ್ಬಿಣ, ನಿಕಲ್‌ಗಳ ಒಳಗೆ ಗ್ರಾಫೈಟ್ ಕರಗಿ ವಜ್ರವಾಗಿ ಹೊರಬೀಳುತ್ತದೆ. ನಮ್ಮ ಭಟ್ಟಿಯಲ್ಲಿ ಒತ್ತಡವಿಲ್ಲದ್ದರಿಂದ ಅದೇ ಇಂಗಾಲ ಗ್ರಾಫೈಟ್ ಆಗಿ ಬೀಳುತ್ತದೆ.

ಕಬ್ಬಿಣದಲ್ಲಿ ಇಂಗಾಲವನ್ನು ಹದಕ್ಕೆ ತರುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಹಳ್ಳಿಗಳಲ್ಲಿ ಉಕ್ಕು ಮಾಡುವುದನ್ನು ಕಂಡು 1807ರ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಹಾಕಿ, ಬಾಯಿ ಮುಚ್ಚಿ, ಇದ್ದಿಲ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಕಡ್ಡಿ, ಎಲೆ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಇಳಿಯುತ್ತಿತ್ತು. ಹೀಗೆ ಬಂದ ದಕ್ಷಿಣ ಭಾರತದ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಸುಮಾರು ಒಂದೂವರೆ ಪಾಲು. ಡಮಾಸ್ಕಸ್ ಖಡ್ಗಗಳಿಗೆ ಹೆಸರು ತಂದದ್ದು ಈ ಬಗೆಯ ಉಕ್ಕು. 2006ರಲ್ಲಿ ಜರ್ಮನಿಯ ಡ್ರೆಸ್ಡನ್ನಿನ ಪೀಟರ್ ಪಾಫ್ಲರ್ ತಂಡ ಅಂಥ ಹಳೆಯ ಖಡ್ಗವೊಂದರ ಚೂರಿನಲ್ಲಿ ಇಂಗಾಲದ ನ್ಯಾನೋ ಕೊಳವೆಗಳನ್ನು ಕಂಡೆವೆಂದು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿತು.

ಇನ್ನೊಂದು ಹೆಜ್ಜೆ ಭದ್ರಾವತಿಯದು. 1923ರಲ್ಲಿ ಉತ್ಪಾದನೆಗೆ ಇಳಿದ ಅಲ್ಲಿಯ ಮೈಸೂರು ಕಬ್ಬಿಣದ ಕಾರ್ಖಾನೆ ಕಲ್ಲಿದ್ದಲು ಸಿಗದ ಸೀಮೆಯಲ್ಲಿ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಊದುಕುಲುಮೆ ನಡೆಸಿತು. ಕೆಮ್ಮಣ್ಣುಗುಂಡಿಯ ಅದಿರು, ಕಾಡಿನ ಇದ್ದಿಲು. ಇದ್ದಿಲಿನಲ್ಲಿ ಗಂಧಕ ಬಹಳ ಕಡಿಮೆ, ಆದ್ದರಿಂದ ಬೀಡು ಶುದ್ಧ. ಆದರೆ ಅದಕ್ಕೆ ಕೊಟ್ಟ ಬೆಲೆ ಕಾಡು. ಇತ್ತ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಮೊದಲುಮಾಡಿ, ಕಬ್ಬಿಣದ ನೇಗಿಲು ತಯಾರಿಸಿ, 1910ರಲ್ಲಿ ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಲ್ಲಿ ಕಾರ್ಖಾನೆ ಕಟ್ಟಿದರು. ಕೃಷ್ಣಾ ಕಣಿವೆಯ ರೈತನ ಅಂಗಳಕ್ಕೆ ಎರಕದ ಕಬ್ಬಿಣ ಬಂದದ್ದು ಇಂಥವರ ಸಾಹಸದಿಂದ.

ಹರಳಿನ ಅಚ್ಚುಕಟ್ಟಿಲ್ಲದ ಇಂಗಾಲಕ್ಕೂ ಅದರದೇ ಉಪಯೋಗವಿದೆ. ಎಣ್ಣೆಯನ್ನು ಅರೆಗಾಳಿಯಲ್ಲಿ ಸುಟ್ಟರೆ ಸಿಗುವ ಮಸಿಯೇ ಕಾರ್ಬನ್ ಬ್ಲ್ಯಾಕ್. ರಬ್ಬರಿಗೆ ಕಪ್ಪು ಬಣ್ಣವಿರುವುದು ಅದರಿಂದಲೇ. ಕಬ್ಬಿನ ಗಾಡಿಯ ಟಯರಿನ ತೂಕದಲ್ಲಿ ಕಾಲು ಪಾಲಿನಷ್ಟು ಅದೇ ಇರುತ್ತದೆ. ಅದಿಲ್ಲದಿದ್ದರೆ ಟಯರು ಬೇಗ ಸವೆದುಹೋಗುತ್ತದೆ. ನೀವು ಓದುತ್ತಿರುವ ಈ ಪತ್ರಿಕೆಯ ಶಾಯಿಯೂ ಅದರದೇ.

ತೆಂಗಿನ ಚಿಪ್ಪಿನ ಇದ್ದಿಲನ್ನು ಹಬೆಯಲ್ಲಿ ಎಂಟು ನೂರು ಡಿಗ್ರಿಗೂ ಮೇಲೆ ಕಾಯಿಸಿದರೆ ಅದರೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳು ತೆರೆಯುತ್ತವೆ. ಇದು ಸಕ್ರಿಯ ಇಂಗಾಲ. ಒಂದೇ ಗ್ರಾಂ ಇಂಗಾಲದ ಒಳಮೈಯನ್ನೆಲ್ಲ ಹರಡಿದರೆ ಸುಮಾರು ಸಾವಿರ ಚದರ ಮೀಟರ್, ಅಂದರೆ ಹತ್ತು ಗುಂಟೆ ಜಮೀನಿನಷ್ಟು. ಬಣ್ಣ, ವಾಸನೆ, ಕ್ಲೋರಿನ್, ಎಷ್ಟೋ ಸಾವಯವ ವಿಷಗಳು ಆ ಮೈಗೆ ಅಂಟಿಕೊಳ್ಳುತ್ತವೆ. ಮನೆಯ ನೀರಿನ ಫಿಲ್ಟರಿನಲ್ಲಿ, ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಕಪ್ಪು ಪುಡಿಯಲ್ಲಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರು ಶುದ್ಧಿ ಮಾಡುವಲ್ಲಿ ಬಳಕೆಯಾಗುವುದು ಇದೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಚಲಕರಂಜಿ ಮಗ್ಗದ ಊರು, ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂದು ಹೆಸರು ಪಡೆದ ಊರು. ಅದರ ಪಕ್ಕದ ಪಂಚಗಂಗೆಯ ನೀರು ಕೆಟ್ಟಿರುವ ವಿಷಯ ಎಷ್ಟೋ ವರ್ಷದಿಂದ ಚರ್ಚೆಯಲ್ಲಿದೆ. 2012ರಲ್ಲಿ ಅಲ್ಲಿ ಕಲುಷಿತ ನೀರಿನಿಂದ ಕಾಮಾಲೆ ಹರಡಿ ಬಹಳ ಜನ ಹಾಸಿಗೆ ಹಿಡಿದರು, ಸಾವುಗಳೂ ಆದವು. ಅದರ ಮೂಲ ಹೆಪಟೈಟಿಸ್ ಇ ವೈರಸ್. ಸಕ್ರಿಯ ಇಂಗಾಲ ಬಣ್ಣವನ್ನೂ ವಾಸನೆಯನ್ನೂ ಹಿಡಿಯುತ್ತದೆ. ವೈರಸ್ಸನ್ನು ತಡೆಯಲು ಅದೊಂದನ್ನೇ ನಂಬುವಂತಿಲ್ಲ. ನೀರು ತಿಳಿಯಾಗಿ ಕಂಡಿತು, ವಾಸನೆ ಹೋಯಿತು ಎಂದು ನೆಮ್ಮದಿ ಪಡುವುದು ಅಪಾಯ. ಕ್ಲೋರಿನ್ ಹಾಕಬೇಕು, ಇಲ್ಲವೇ ಕುದಿಸಬೇಕು. ವಸ್ತುವಿನ ಗುಣ ತಿಳಿಯುವುದೆಂದರೆ ಅದರ ಮಿತಿ ತಿಳಿಯುವುದೂ ಹೌದು.

ಕಳೆದ ನಾಲ್ಕು ದಶಕಗಳಲ್ಲಿ ಇಂಗಾಲದ ಕುಟುಂಬ ಬೆಳೆದಿದೆ. 1985ರಲ್ಲಿ ಹೆರಾಲ್ಡ್ ಕ್ರೋಟೊ, ರಿಚರ್ಡ್ ಸ್ಮಾಲಿ, ರಾಬರ್ಟ್ ಕರ್ಲ್ ಅವರು 60 ಪರಮಾಣುಗಳು ಚೆಂಡಿನಂತೆ ಮುಚ್ಚಿಕೊಂಡ ಫುಲ್ಲರೀನನ್ನು ಕಂಡುಹಿಡಿದರು. ಅದರಲ್ಲಿ 12 ಪಂಚಕೋನ, 20 ಷಟ್ಕೋನ. 1996ರಲ್ಲಿ ಮೂವರಿಗೂ ನೊಬೆಲ್ ಬಂತು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಗ್ರಾಫೈಟ್ ಹಾಳೆಯೇ ಸುರುಳಿಯಾದಂಥ ನ್ಯಾನೋ ಕೊಳವೆಗಳನ್ನು ವಿವರಿಸಿದರು. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂಡ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟನ್ನು ಮತ್ತೆ ಮತ್ತೆ ಕಿತ್ತು ಒಂದೇ ಪರಮಾಣು ದಪ್ಪದ ಗ್ರಾಫೀನ್ ಬಿಡಿಸಿದರು. 2010ರ ನೊಬೆಲ್ ಅವರದು. ಪೆನ್ಸಿಲ್ಲಿನೊಳಗೆ ನೂರಾರು ವರ್ಷ ಕೂತಿದ್ದ ಹಾಳೆಯನ್ನು ಒಂಟಿಯಾಗಿ ಎತ್ತಿದ್ದೇ ಸಾಧನೆ.

ಈ ಕೆಲಸದಲ್ಲಿ ಬೆಂಗಳೂರೂ ಮುಂದಿದೆ. ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಶಿಷ್ಯರೊಡನೆ ವಜ್ರದ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದರು. ಅವರ ಹೆಸರಿನ ಬೆಳಕಿನ ಚದುರಿಕೆಯಲ್ಲಿ ವಜ್ರದ ಗುರುತು ಪ್ರತಿ ಸೆಂಟಿಮೀಟರಿಗೆ 1,332ರ ಗೆರೆ, ಗ್ರಾಫೈಟಿನದು 1,580ರ ಆಸುಪಾಸು. ಈಗ ಲೋಕದ ಯಾವ ಪ್ರಯೋಗಾಲಯದಲ್ಲಾದರೂ ಇಂಗಾಲದ ರೂಪ ಯಾವುದೆಂದು ತಿಳಿಯಲು ಮೊದಲು ಹಿಡಿಯುವ ದಾರಿ ಅದೇ. ಸಿ.ಎನ್.ಆರ್. ರಾವ್ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಫುಲ್ಲರೀನ್, ನ್ಯಾನೋ ಕೊಳವೆ, ಗ್ರಾಫೀನ್ ಮೂರರ ಮೇಲೂ ಕೆಲಸ ಮಾಡಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಸೂದ್ ತಂಡ ನ್ಯಾನೋ ಕೊಳವೆಗಳ ಮೇಲೆ ದ್ರವ ಹರಿದಾಗ ವಿದ್ಯುತ್ ವಿಭವ ಹುಟ್ಟುವುದನ್ನು 2003ರಲ್ಲಿ ತೋರಿಸಿತು.

ನೂಲಿನ ಕಸುಬಿನವರಿಗೆ ಹತ್ತಿರವಾದದ್ದು ಕಾರ್ಬನ್ ಫೈಬರ್. 1879ರಲ್ಲಿ ಎಡಿಸನ್ ಹತ್ತಿಯ ದಾರವನ್ನೇ ಸುಟ್ಟು ಇಂಗಾಲ ಮಾಡಿ ತನ್ನ ಬಲ್ಬಿನೊಳಗೆ ಬೆಳಗಿಸಿದ್ದ. ಇವತ್ತು ಅಕ್ರಿಲಿಕ್ ಜಾತಿಯ ಎಳೆಯನ್ನು ಮೊದಲು ಗಾಳಿಯಲ್ಲಿ ಹದವಾಗಿ ಬೇಯಿಸಿ, ಆಮೇಲೆ ಗಾಳಿ ತಾಗದಂತೆ ಸಾವಿರ ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಉಳಿಯುವುದು ಗ್ರಾಫೈಟ್ ಪದರಗಳು ಎಳೆಯ ಉದ್ದಕ್ಕೆ ಸಾಲುಗೂಡಿದ ಇಂಗಾಲ. ಪದರದೊಳಗಿನ ಗಟ್ಟಿ ಬಂಧ ಎಳೆತದ ದಿಕ್ಕಿಗೇ ಬೀಳುವುದರಿಂದ ಅದರ ಬಲ ಅಪಾರ, ತೂಕ ಉಕ್ಕಿನ ಕಾಲು ಭಾಗಕ್ಕಿಂತಲೂ ಕಡಿಮೆ. ಈ ಎಳೆಗಳನ್ನು ಮಗ್ಗದಲ್ಲೇ ನೇಯ್ದು, ರಾಳದಲ್ಲಿ ಅದ್ದಿ ವಿಮಾನದ ಭಾಗಗಳನ್ನು ಮಾಡುತ್ತಾರೆ. ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಇಂಥ ಸಂಯೋಜಿತ ವಸ್ತುಗಳದು. ಅದರ ಬಾಲದ ರೆಕ್ಕೆಯನ್ನು ರೂಪಿಸಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ.

ಇಷ್ಟೆಲ್ಲ ರೂಪಗಳಲ್ಲಿ ಒಂದೇ ಪರಮಾಣು. ಕಬ್ಬಿಣದೊಳಗೆ ಚಕ್ಕೆಯಾದರೆ ಪೆಡಸು, ಗುಂಡಾದರೆ ಬಳುಕು. ನಾಲ್ಕು ದಿಕ್ಕಿಗೆ ಕಟ್ಟಿಕೊಂಡರೆ ವಜ್ರ, ಹಾಳೆಯಾದರೆ ಪೆನ್ಸಿಲ್. ರಸಾಯನಶಾಸ್ತ್ರದ ಇಡೀ ಸಾರ ಈ ಒಂದು ಮಾತಿನಲ್ಲಿದೆ ಎಂದರೂ ನಡೆಯುತ್ತದೆ: ವಸ್ತು ಯಾವುದರಿಂದ ಆಗಿದೆ ಎಂಬಷ್ಟೇ ಅದು ಹೇಗೆ ಜೋಡಿಸಿಕೊಂಡಿದೆ ಎಂಬುದೂ ಮುಖ್ಯ. ಈ ಮಾತನ್ನು ಕೊಲ್ಹಾಪುರದ ಫೌಂಡ್ರಿ ಕಾರ್ಮಿಕರು ಮೈಬೆವರಿನಿಂದ ಬಲ್ಲರು. ಅದು ವಿಜ್ಞಾನವೆಂದು ಅವರಿಗೆ ಯಾರೂ ಹೇಳಿಲ್ಲ, ಅವರ ಮಕ್ಕಳಿಗೂ ಹೇಳಿಲ್ಲ.

ಅದಕ್ಕೆ ಗಡಿಯ ಎರಡೂ ಕಡೆಯ ವಿಜ್ಞಾನ ಶಿಕ್ಷಕರಲ್ಲಿ ಒಂದು ವಿನಂತಿ. ಇಂಗಾಲದ ಪಾಠ ಬಂದಾಗ ಹತ್ತಿರದ ಫೌಂಡ್ರಿಯಿಂದ ಒಡೆದ ಒಂದು ಬೂದು ಬೀಡಿನ ತುಂಡು, ಒಂದು ಬಿಳಿ ಬೀಡಿನ ತುಂಡು, ಒಂದು ಎಸ್‌ಜಿ ತುಂಡು ತರಿಸಿ ಮಕ್ಕಳ ಕೈಗೆ ಕೊಡಿ. ಪೆನ್ಸಿಲ್ ಕಡ್ಡಿಗೆ ಒಂದು ಸೆಲ್ಲು, ಒಂದು ಸಣ್ಣ ಬಲ್ಬು ಜೋಡಿಸಿ ವಿದ್ಯುತ್ ಹರಿಯುವುದನ್ನು ತೋರಿಸಿ. ಫೌಂಡ್ರಿಯ ಮಾಲೀಕರು ವರ್ಷಕ್ಕೊಂದು ದಿನ ಹತ್ತಿರದ ಶಾಲೆಯ ಮಕ್ಕಳನ್ನು ಕರೆಸಿ, ಕಣ್ಣಿಗೆ ಕನ್ನಡಕ ಹಾಕಿಸಿ, ದೂರದಲ್ಲಿ ನಿಲ್ಲಿಸಿ ಮೆಗ್ನೀಸಿಯಂ ಹಾಕುವುದನ್ನು ತೋರಿಸಲಿ. ಅಲ್ಲಿ ದುಡಿಯುವ ತಂದೆಯರೇ ಅಂದು ಪಾಠ ಹೇಳಲಿ. ಇದಕ್ಕೆ ಹಣ ಬೇಕಿಲ್ಲ, ಸರ್ಕಾರದ ಆದೇಶವೂ ಬೇಕಿಲ್ಲ. ಒಂದು ಫೋನ್ ಮಾಡುವ ಮನಸ್ಸು ಬೇಕು, ಅಷ್ಟೇ.